ಜೋಡಿ ಕೂಡಿದರೇ ನಾದ

ಹಾನಗಲ್ಲಿನ ಒಂದು ಹಳೆಯ ಓಣಿಯಲ್ಲಿ ನನಗೆ ಅಕ್ಷರ ಕಲಿಸಿದ ಮಾಸ್ತರರ ಮನೆಯಿದೆ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕೈಹಿಡಿದು ಬರೆಸಿದ ಆ ಹಿರಿಯರಿಗೆ ಎಂಬತ್ತರ ಹೊಸ್ತಿಲಿನಲ್ಲಿ ಅಕ್ಷರವೇ ಕಾಣದಂತಾಯಿತು. ವೈದ್ಯರು ಕೈಚೆಲ್ಲಿದರು. ಮಾಸ್ತರರು ಹೆಚ್ಚು ಗೋಳಾಡಲಿಲ್ಲ. “ಇನ್ನ ಮ್ಯಾಲೆ ನನ್ನ ಜಗತ್ತೆಲ್ಲಾ ಈ ಎರಡು ಕಿವಿಯೊಳಗ” ಎಂದು ನಕ್ಕು ಸುಮ್ಮನಾದರು.

ಕಿವಿಯನ್ನೇ ಕಣ್ಣಾಗಿಸಿಕೊಂಡು ಬಾಳಿದವರು ಈ ನೆಲಕ್ಕೆ ಹೊಸಬರಲ್ಲ. ಗಾನಯೋಗಿ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಇದೇ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಜನಿಸಿದ್ದು ಇದೇ ತಾಲೂಕಿನ ದೇವಗಿರಿಯಲ್ಲಿ. ಕಣ್ಣಿಲ್ಲದ ಈ ಗುರುಶಿಷ್ಯರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕುಳಿತು ನಾಡಿಗೆಲ್ಲ ನಾದದ ಬೆಳಕು ಹಂಚಿದರು. ಇನ್ನು ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಆದರೆ ಜಗತ್ತು ಅವರನ್ನು ಅರಿತದ್ದು ‘ಹಾನಗಲ್’ ಎಂಬ ಹೆಸರಿನಿಂದ. ನಮ್ಮ ಮಾಸ್ತರರಿಗೆ ಈ ಮೂವರೂ ಮನೆದೇವರು. ಅದರಲ್ಲಿಯೂ ಗಂಗೂಬಾಯಿಯವರ ಹಾಡನ್ನು ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಸವಾಯಿ ಗಂಧರ್ವರ ಪುಣ್ಯತಿಥಿಯ ರಾತ್ರಿಗಳಲ್ಲಿ, ಎದುರಿಗೆ ಕುಳಿತು ಕೇಳಿದವರು ಅವರು.

ತಂದೆಯ ಈ ಒಂದೇ ಸುಖವನ್ನಾದರೂ ತುಂಬಿಕೊಡಬೇಕೆಂದು ಇಬ್ಬರು ಗಂಡುಮಕ್ಕಳು ನಿಶ್ಚಯಿಸಿದರು. ಹಿರಿಯವನು ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕದಲ್ಲಿ. ಹಿರಿಯವನು ಯೂರೋಪಿನ ಹೆಸರಾಂತ ಕಾರ್ಖಾನೆಯೊಂದರ ಸ್ಪೀಕರ್ ಜೋಡಿಯನ್ನು ಕಳುಹಿಸಿದ. ಕಿರಿಯವನು ವಾಲ್ವ್ ಉರಿಯುವ, ನೋಡಿದರೆ ದೀಪಮಾಲೆಯಂತೆ ಕಾಣುವ ಆಂಪ್ಲಿಫಾಯರನ್ನು ಕಳುಹಿಸಿದ. ಎರಡೂ ಸೇರಿ ಹಲವು ಲಕ್ಷ ರೂಪಾಯಿ. ಎರಡರ ವಿಷಯದಲ್ಲಿಯೂ ಬಲ್ಲವರು ಹೊಗಳಿ ಬರೆದದ್ದನ್ನು ಓದಿಯೇ ಅವರು ಕೊಂಡಿದ್ದರು.

ಒಂದು ತಿಂಗಳು ಕಳೆಯಿತು. ನಾನು ಹೋದಾಗ ಮಾಸ್ತರರು ತಮ್ಮ ಹಳೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಕಿವಿಗೆ ಹಿಡಿದು ಕುಳಿತಿದ್ದರು. ಹೊಸ ಪೆಟ್ಟಿಗೆಗಳ ಮೇಲೆ ಅಂಗವಸ್ತ್ರ ಹೊದಿಸಿತ್ತು.

“ತಮ್ಮಾ, ಒಂದು ಮಾತು ಹೇಳ್ತೀನಿ, ಹುಡುಗರ ಮುಂದ ಆಡಬ್ಯಾಡ” ಎಂದರು. “ಅದರೊಳಗ ಗಂಗೂಬಾಯಿ ಬಾಯಿಗೆ ಅರಿವಿ ಕಟಗೊಂಡು ಹಾಡಿದಂಗ ಕೇಳಸ್ತೈತಿ. ಡಗ್ಗಾ ಬಾರಿಸಿದರ ಹೊಟ್ಟಿ ಉಬ್ಬಿದಂಗ ಅಕ್ಕೈತಿ. ಇಷ್ಟು ರೊಕ್ಕದ ಸಾಮಾನಾ ಕೆಟ್ಟದ್ದಿರಾಕ ಸಾಧ್ಯ ಇಲ್ಲ. ಕಣ್ಣು ಹೋದವು. ಈಗ ಕಿವೀನೂ ಹೊಂಟಾವೇನೋ ಅಂತ ಅಂಜಿಕಿ.”

ಆ ಮಾತಿನಿಂದ ನನ್ನ ಎದೆ ಝಲ್ಲೆಂದಿತು. ಕೆಟ್ಟದ್ದು ಯಂತ್ರವೋ, ಕಿವಿಯೋ? ಇದನ್ನು ಪರೀಕ್ಷಿಸಿಯೇ ತೀರಬೇಕೆಂದು ಅಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ನಾನಾದರೋ ಕನ್ನಡದ ಅಧ್ಯಾಪಕ. ಛಂದಸ್ಸಿನ ಗುರುಲಘು ಬಲ್ಲೆನೇ ಹೊರತು ವಿದ್ಯುತ್ತಿನ ಗುರುಲಘು ಅರಿಯೆ. ಆದುದರಿಂದ ಬಲ್ಲವರನ್ನು ಹುಡುಕಿಕೊಂಡು ಸವಣೂರಿಗೆ ಹೋದೆ.

ಸವಣೂರಿನ ಪಾಠ

ನವಾಬರ ಕಾಲದ ನೆನಪನ್ನೂ ವೀಳ್ಯದೆಲೆಯ ಖ್ಯಾತಿಯನ್ನೂ ಹೊತ್ತ ಸವಣೂರಿನಲ್ಲಿ ಒಬ್ಬ ಹಿರಿಯ ರೇಡಿಯೋ ರಿಪೇರಿಗಾರರಿದ್ದಾರೆ. ಊರಿಗೆಲ್ಲ ಅವರು ‘ಚಾಚಾ’. ಹರೆಯದಲ್ಲಿ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುತ್ತಿದ್ದವರು. ಜಾತ್ರೆ, ಉರುಸು, ಮದುವೆ, ನಾಟಕ ಯಾವುದಿದ್ದರೂ ಅವರ ಕಹಳೆಗಳು ಎತ್ತಿನ ಬಂಡಿಯೇರಿ ಹೊರಡುತ್ತಿದ್ದವು. ಶೇಷಗಿರಿಯಂಥ ರಂಗಪ್ರಿಯ ಹಳ್ಳಿಗಳಿರುವ ಈ ಸೀಮೆಯಲ್ಲಿ ಆ ಉದ್ಯೋಗಕ್ಕೆ ಬಿಡುವೇ ಇರುತ್ತಿರಲಿಲ್ಲ.

ನಾನು ಬರೆದುಕೊಂಡು ಹೋಗಿದ್ದ ವಿವರಗಳನ್ನು ಕನ್ನಡಕ ಏರಿಸಿ ಓದಿದ ಚಾಚಾ ಮೊದಲು ನಕ್ಕರು. ಅಟ್ಟದ ಮೇಲಿನ ತಗಡಿನ ಕಹಳೆಯನ್ನು ತೋರಿಸಿ, “ಸರ್ರ, 30 ವ್ಯಾಟಿನ್ಯಾಗ ಇದು ಇಡೀ ಹಳ್ಳಿ ಎಬ್ಬಸ್ತಿತ್ತು. ನಿಮ್ಮ ಮಾಸ್ತರ ಪೆಟಗಿ 30 ವ್ಯಾಟ್ ಕುಡದರ ಒಂದು ಪಡಸಾಲಿ ತುಂಬಬಹುದು. ಯಾಕ ಹೇಳ್ರಿ?” ಎಂದರು.

ಉತ್ತರವನ್ನೂ ಅವರೇ ಕೊಟ್ಟರು. ಸ್ಪೀಕರಿನ ತೆಳುವಾದ ಪರದೆ ಕಂಪಿಸಿ ಗಾಳಿಯನ್ನು ನೂಕುತ್ತದೆ. ಬಯಲಿನ ಗಾಳಿಗೆ ಅದರ ನೂಕು ಅಷ್ಟಾಗಿ ತಾಗದು; ಶಕ್ತಿಯ ಬಹುಪಾಲು ತಂತಿಯಲ್ಲಿ ಕಾವಾಗಿ ಸೋರಿಹೋಗುತ್ತದೆ. ಪರದೆಯ ಮುಂದೆ ಕಿರಿದಾಗಿ ತೊಡಗಿ ಅಗಲವಾಗುತ್ತ ಹೋಗುವ ಕಹಳೆಯನ್ನಿಟ್ಟರೆ ಗಾಳಿಯ ಮೇಲೆ ಹಿಡಿತ ಬರುತ್ತದೆ. ನಾವು ದೂರದವರನ್ನು ಕೂಗುವಾಗ ಬಾಯಿಯ ಸುತ್ತ ಅಂಗೈಗಳನ್ನು ಕಹಳೆಯಂತೆ ಹಿಡಿಯುವುದಿಲ್ಲವೇ? ತತ್ತ್ವ ಅದೇ. ಆದರೆ ಜಾತ್ರೆಯ ಪುಟ್ಟ ಕಹಳೆಯಲ್ಲಿ ತಗ್ಗು ಸ್ವರಗಳು ಹೊರಡುವುದಿಲ್ಲ. ಮಾತು ಮೈಲಿಯಾಚೆ ತಿಳಿದರೂ ತಬಲಾದ ಎಡಭಾಗವಾದ ಡಗ್ಗಾ ಕೇಳಿಸದು.

ಒಂದು ಸ್ಪೀಕರಿಗೆ 1 ವ್ಯಾಟ್ ಶಕ್ತಿ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಸದ್ದು ಬರುವುದೆಂಬುದೇ ಅದರ ‘ಸೂಕ್ಷ್ಮತೆ’. ಡೆಸಿಬೆಲ್ಲಿನ ಲೆಕ್ಕ ಸಾಮಾನ್ಯ ಲೆಕ್ಕದಂತಲ್ಲ. ಸದ್ದು 3 ಡೆಸಿಬೆಲ್ ಏರಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು. 10 ಏರಬೇಕಾದರೆ ಹತ್ತುಮಡಿ, 20 ಏರಬೇಕಾದರೆ ನೂರುಮಡಿ. ಅದೇ ಸಮಯದಲ್ಲಿ, 10 ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟಾದಂತೆ ಮಾತ್ರ ತೋರುತ್ತದೆ. 50 ವ್ಯಾಟಿನ ಆಂಪ್ಲಿಫಾಯರನ್ನು ಮಾರಿ 100 ವ್ಯಾಟಿನದನ್ನು ತಂದವನಿಗೆ ದಕ್ಕುವುದು ಬರಿಯ 3 ಡೆಸಿಬೆಲ್. ಅಂಗಡಿಯವರು ಹೇಳುವ ವ್ಯಾಟಿನ ಅಂಕಿಗೆ ಮರುಳಾಗಬಾರದೆಂಬುದು ಇದರಿಂದಲೇ ಸ್ಪಷ್ಟ.

ಈಗ ಮಾಸ್ತರರ ಸ್ಪೀಕರಿನ ಜಾತಕ ಬಿಚ್ಚಿತು. ಅದರ ಕೈಪಿಡಿಯಲ್ಲಿ ಸೂಕ್ಷ್ಮತೆ 87 ಡೆಸಿಬೆಲ್ ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘2.83 ವೋಲ್ಟಿಗೆ’ ಎಂದೂ ಇತ್ತು. ಚಾಚಾ ಆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಗೆ ಇಂಪೀಡೆನ್ಸ್ ಎನ್ನುತ್ತಾರೆ. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ತಡೆ 8 ಓಮ್ ಇದ್ದರೆ 2.83 ವೋಲ್ಟ್ ಎಂದರೆ 1 ವ್ಯಾಟ್. ಆದರೆ ಮಾಸ್ತರರ ಸ್ಪೀಕರಿನ ತಡೆ 4 ಓಮ್. ಅದಕ್ಕೆ ಅಷ್ಟೇ ವೋಲ್ಟ್ ಕೊಟ್ಟರೆ 2 ವ್ಯಾಟ್ ಹರಿಯುತ್ತದೆ. ಅಂದರೆ 1 ವ್ಯಾಟಿಗೆ ಅದರ ನಿಜವಾದ ಸೂಕ್ಷ್ಮತೆ 84 ಮಾತ್ರ. ಅದಕ್ಕೆ ಜೋಡಿಸಿದ ವಾಲ್ವ್ ಆಂಪ್ಲಿಫಾಯರಿನ ಬಲವೋ, ಬದಿಯೊಂದಕ್ಕೆ 8 ವ್ಯಾಟ್!

“ಆನಿ ಮ್ಯಾಲಿನ ಅಂಬಾರಿ ತಂದು ಕರದ ಬೆನ್ನಿಗೆ ಬಿಗದಾರ್ರಿ” ಎಂದರು ಚಾಚಾ. “ಅಂಬಾರಿ ಕೆಟ್ಟದ್ದಲ್ಲ, ಕರಾನೂ ಕೆಟ್ಟದ್ದಲ್ಲ.”

ಎಷ್ಟು ವ್ಯಾಟ್ ಬೇಕು?

ನಾವಿಬ್ಬರೂ ಅಲ್ಲಿಯೇ ಕುಳಿತು ಹಾಕಿದ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ತಮ್ಮ ಮನೆಗೂ ಇದನ್ನು ಅನ್ವಯಿಸಿಕೊಳ್ಳಬಹುದು.

ಮನೆಯಲ್ಲಿ ಮೈಮರೆತು ಕೇಳುವಾಗ ಸಂಗೀತದ ಸರಾಸರಿ ಸದ್ದು 75 ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳಿ. ಗಾಯಕರು ತಾರಷಡ್ಜಕ್ಕೆ ಏರಿದಾಗ, ತಬಲಾದ ಪೆಟ್ಟು ಸಮಕ್ಕೆ ಬಿದ್ದಾಗ, ಆ ಕ್ಷಣದ ಸದ್ದು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. ಅಲ್ಲಿಗೆ 95 ಆಯಿತು. ಸ್ಪೀಕರಿನಿಂದ 3 ಮೀಟರ್ ದೂರ ಕುಳಿತರೆ ಸದ್ದು ತಗ್ಗುತ್ತದೆ. ಆದರೆ ಸ್ಪೀಕರುಗಳು ಎರಡಿವೆ, ಗೋಡೆಗಳೂ ಸ್ವಲ್ಪ ಮರಳಿಸುತ್ತವೆ. ಎಲ್ಲ ಕಳೆದು ಕೂಡಿದರೆ ಸಾಮಾನ್ಯ ಕೋಣೆಯಲ್ಲಿ ಸುಮಾರು 5 ಡೆಸಿಬೆಲ್ ನಷ್ಟವೆಂದು ಹಿಡಿಯಬಹುದು. ಆದುದರಿಂದ ಸ್ಪೀಕರು 1 ಮೀಟರಿನಲ್ಲಿ 100 ಡೆಸಿಬೆಲ್ ಕೊಡಲು ಶಕ್ತವಾಗಿರಬೇಕು.

ಸೂಕ್ಷ್ಮತೆ 100 ಇರುವ ಸ್ಪೀಕರಿಗೆ ಇದು 1 ವ್ಯಾಟಿನ ಕೆಲಸ. 90 ಇರುವುದಕ್ಕೆ 10 ವ್ಯಾಟ್. ಮಾಸ್ತರರ 84ಕ್ಕೆ ಬೇಕಾದದ್ದು 40 ವ್ಯಾಟ್. ಇದ್ದದ್ದು ಅದರ ಐದರಲ್ಲೊಂದು ಪಾಲು. ಆಂಪ್ಲಿಫಾಯರು ತನ್ನ ಮಿತಿ ಮೀರಿದಾಗ ಸ್ವರದ ಅಲೆಯ ತುದಿ ಕತ್ತರಿಸಿದಂತಾಗುತ್ತದೆ. ವಾಲ್ವಿನಲ್ಲಿ ಈ ಕತ್ತರಿ ಮೆಲ್ಲಗೆ ಬೀಳುವುದರಿಂದ ಕರ್ಕಶವಾಗಿ ಕೇಳಿಸದೆ, ದನಿ ಮುಸುಕಿದಂತೆ, ದಣಿದಂತೆ ಕೇಳಿಸುತ್ತದೆ. ಟ್ರಾನ್ಸಿಸ್ಟರಿನಲ್ಲಾದರೆ ಒರಟಾಗಿ ಬಿದ್ದು ಏರುಸ್ವರದ ಪುಟ್ಟ ಸ್ಪೀಕರನ್ನು ಸುಟ್ಟರೂ ಸುಟ್ಟೀತು. ಅತಿಯಾದ ಬಲದಷ್ಟೇ ಕೊರತೆಯ ಬಲದಿಂದಲೂ ಸ್ಪೀಕರಿಗೆ ಅಪಾಯವಿದೆಯೆಂಬುದು ಹಲವರಿಗೆ ತಿಳಿಯದ ಸಂಗತಿ.

ಡಗ್ಗಾ ಉಬ್ಬಿದ್ದೇಕೆ? ಅದಕ್ಕೂ ಚಾಚಾ ಕಾರಣ ಹೇಳಿದರು. ಪೆಟ್ಟು ಬಿದ್ದಾಗ ಸ್ಪೀಕರಿನ ಪರದೆ ಮುಂದಕ್ಕೆ ಜಿಗಿಯುತ್ತದೆ. ಪೆಟ್ಟು ನಿಂತೊಡನೆ ಅದೂ ನಿಲ್ಲಬೇಕು. ನಿಲ್ಲಿಸುವ ಹೊಣೆ ಬಹುಮಟ್ಟಿಗೆ ಆಂಪ್ಲಿಫಾಯರಿನದು. ಅದರೊಳಗಿನ ತಡೆ ಕಡಿಮೆಯಿದ್ದಷ್ಟೂ ಹಿಡಿತ ಬಿಗಿ. “ಏರಿನ್ಯಾಗ ಬಂಡಿ ಎಳೆಯೋದಷ್ಟ ಎತ್ತಿನ ಕೆಲಸ ಅಲ್ರಿ, ಇಳಿಜಾರಿನ್ಯಾಗ ತಡೆಯೋದೂ ಅದರ ಕೆಲಸ.” ಮಾಸ್ತರರ ಮನೆಯಲ್ಲಿದ್ದಂಥ ಒಂಟಿ ವಾಲ್ವಿನ ಆಂಪ್ಲಿಫಾಯರುಗಳಲ್ಲಿ ಒಳತಡೆ ಹೆಚ್ಚು. ಸ್ಪೀಕರಿನ ತಡೆಯಾದರೋ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಒಂದು ಸ್ವರಕ್ಕೆ 3 ಓಮಿಗಿಳಿದು ಇನ್ನೊಂದಕ್ಕೆ 20ಕ್ಕೆ ಏರಬಹುದು. ಒಳತಡೆ ಹೆಚ್ಚಿರುವ ಆಂಪ್ಲಿಫಾಯರು ಈ ಏರಿಳಿತವನ್ನೆಲ್ಲ ಸಂಗೀತದ ಮೇಲೆ ಮೂಡಿಸಿಬಿಡುತ್ತದೆ. ತಡೆ ಏರಿದ ಕಡೆ ಸ್ವರ ಉಬ್ಬುತ್ತದೆ. ಇಳಿದ ಕಡೆ ಸೊರಗುತ್ತದೆ.

ಚಾಚಾ ಮರುದಿನವೇ ಹಾನಗಲ್ಲಿಗೆ ಬಂದರು. ಆಂಪ್ಲಿಫಾಯರಿನ ಹಿಂದೆ 4, 8, 16 ಓಮ್ ಎಂದು ಮೂರು ಜೋಡಣೆಗಳಿದ್ದವು. 4 ಓಮಿನ ಸ್ಪೀಕರನ್ನು ಯಾರೋ 8ಕ್ಕೆ ಸಿಕ್ಕಿಸಿದ್ದರು! ಅದನ್ನು ಸರಿಪಡಿಸಿದೊಡನೆ ದನಿ ತುಸು ತಿಳಿಯಾಯಿತು. ಮಾಸ್ತರರು ಕಿವಿಯಾನಿಸಿ ಕೇಳಿ, “ಅರಿವಿ ಸಡಿಲ ಆತು, ಬಿಚ್ಚಲಿಲ್ಲ” ಎಂದರು. ಎಂಬತ್ತರ ಆ ಕಿವಿಯ ಸೂಕ್ಷ್ಮಕ್ಕೆ ಚಾಚಾ ಬೆರಗಾದರು. ಉಳಿದ ಗಂಟನ್ನು ಬಿಚ್ಚಲು ಮುಂದಿನ ರವಿವಾರ ಮೂವರೂ ಬಾಡಿಗೆಯ ಕಾರಿನಲ್ಲಿ ಹೊರಟೆವು. ಆಂಪ್ಲಿಫಾಯರಿಗೂ ಕೌದಿ ಸುತ್ತಿ ಜೊತೆಗೆ ಕೂಡಿಸಿಕೊಂಡೆವು.

ಶಿಗ್ಗಾಂವಿಯ ಪುಟ್ಟ ಪೆಟ್ಟಿಗೆ

ಶಿಗ್ಗಾಂವಿಯಲ್ಲಿ ಇಂಗ್ಲೆಂಡಿನಲ್ಲಿ ದುಡಿದು ಮರಳಿದ ಇಂಜಿನಿಯರರೊಬ್ಬರಿದ್ದಾರೆ. ಅವರ ಮನೆಯ ಸ್ಪೀಕರುಗಳು ಗೇಣೂವರೆ ಎತ್ತರದ ಮುಚ್ಚಿದ ಪೆಟ್ಟಿಗೆಗಳು. ಬಿ.ಬಿ.ಸಿ.ಯವರು 1970ರ ದಶಕದಲ್ಲಿ ತಮ್ಮ ಹೊರಪ್ರಸಾರದ ವಾಹನಗಳ ಇಕ್ಕಟ್ಟಿನಲ್ಲಿ ಮಾತು ಪರೀಕ್ಷಿಸಲೆಂದು ‘ಎಲ್‌ಎಸ್ 3/5ಎ’ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದ್ದರು. ಅದರ ವಂಶದಲ್ಲಿ ಮುಂದೆ ಹುಟ್ಟಿದ ಪೆಟ್ಟಿಗೆಗಳಿವು: 8 ಓಮ್, 83 ಡೆಸಿಬೆಲ್. ಎಳೆಯಲು 50 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫಾಯರ್.

ಶರೀಫಜ್ಜನ ಶಿಶುನಾಳವಿರುವ ತಾಲೂಕಿಗೆ ಬಂದಮೇಲೆ ತತ್ತ್ವಪದ ಕೇಳದಿರುವುದುಂಟೇ? ಏಕತಾರಿಯ ಮೇಲಿನ ಒಂಟಿ ದನಿ ಕೋಣೆಯ ನಡುವೆ ಬಂದು ಕುಳಿತಂತಾಯಿತು. ಹಾಡುವವನ ತುಟಿ ಬಿಚ್ಚುವ ಸದ್ದು, ಉಸಿರೆಳೆಯುವ ಸದ್ದು ಸಹ ಕೇಳಿಸಿದವು. ಮಾಸ್ತರರ ಮುಖ ಅರಳಿತು. ಆಮೇಲೆ ಗಂಗೂಬಾಯಿಯವರ ಖ್ಯಾಲ್ ಹಾಕಿದರು. ಕಂಠ ನಿಜ, ಆದರೆ ಡಗ್ಗಾ ಬಡಕಲು, ತಂಬೂರಿಯ ಕೆಳಷಡ್ಜ ತೆಳು. ಸದ್ದು ಏರಿಸಿದಾಗ ಪುಟ್ಟ ಪೆಟ್ಟಿಗೆ ಒದ್ದಾಡಿತು.

ಇಂಜಿನಿಯರರು ನಕ್ಕು, ಇದರ ಹಿಂದಿನ ಇತಿಹಾಸ ತೆರೆದರು. ಸುರುಳಿ ತಂತಿ ಮತ್ತು ಕಾಗದದ ಶಂಕುವಿನ ಸ್ಪೀಕರಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ರೈಸ್ ಮತ್ತು ಕೆಲಾಗ್, 1925ರಲ್ಲಿ. ಅಂದು ವಾಲ್ವಿನಿಂದ ಒಂದೊಂದು ವ್ಯಾಟ್ ಹಿಂಡುವುದೂ ದುಬಾರಿ. ಆದುದರಿಂದ ಚಿತ್ರಮಂದಿರಗಳಲ್ಲಿ ಕಪಾಟಿನಷ್ಟು ದೊಡ್ಡ ಕಹಳೆಗಳನ್ನು ಕಟ್ಟಿ, ಇದ್ದಷ್ಟು ವ್ಯಾಟಿನಲ್ಲಿ ಸಭೆ ತುಂಬಿಸಿದರು. 1954ರಲ್ಲಿ ಎಡ್ಗರ್ ವಿಲ್ಚೂರ್ ಎಂಬಾತ ಚಿಕ್ಕ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ತಗ್ಗು ಸ್ವರ ತೆಗೆದು ತೋರಿಸಿದ. ಪೆಟ್ಟಿಗೆ ಕಿರಿದಾಯಿತು, ಹಸಿವು ಹಿರಿದಾಯಿತು. ಬೆನ್ನಿಗೇ ಟ್ರಾನ್ಸಿಸ್ಟರು ಬಂದು ವ್ಯಾಟನ್ನು ಅಗ್ಗಮಾಡಿದ್ದರಿಂದ ಆ ಹಸಿವನ್ನು ಯಾರೂ ಲೆಕ್ಕಿಸಲಿಲ್ಲ. ಪೆಟ್ಟಿಗೆ ಚಿಕ್ಕದಿರಬೇಕು, ತಗ್ಗು ಸ್ವರ ಆಳವಿರಬೇಕು, ಸೂಕ್ಷ್ಮತೆಯೂ ಹೆಚ್ಚಿರಬೇಕು ಎಂಬ ಮೂರು ವರಗಳಲ್ಲಿ ಪ್ರಕೃತಿ ಯಾವಾಗಲೂ ಎರಡನ್ನೇ ಕೊಡುತ್ತದೆ. ಮೂರನೆಯದನ್ನು ಬೇಡಿದವನು ಮೊದಲೆರಡರಲ್ಲಿ ಒಂದನ್ನು ಬಿಡಬೇಕು. ಲಕ್ಷಗಟ್ಟಲೆ ಸುರಿದರೂ ಈ ನಿಯಮ ಕರಗದು.

ಹೊರಡುವಾಗ ಇಂಜಿನಿಯರರು ತಮ್ಮ 50 ವ್ಯಾಟಿನ ಆಂಪ್ಲಿಫಾಯರನ್ನು ನಾಲ್ಕು ದಿನದ ಮಟ್ಟಿಗೆ ನಮ್ಮ ಕೈಗಿತ್ತರು. “4 ಓಮಿಗೆ ಇದು 90 ಕೊಡ್ತೈತ್ರಿ. ಮಾಸ್ತರ ಪೆಟಗೀಗೆ ಹಚ್ಚಿ ನೋಡ್ರಿ” ಎಂದರು.

ಹಿರೇಕೆರೂರಿನ ಚಿತ್ರಮಂದಿರದ ಕಹಳೆ

ಅಲ್ಲಿಂದ ಹಿರೇಕೆರೂರಿಗೆ ದೀರ್ಘ ಹಾದಿ. ಸರ್ವಜ್ಞನ ಹೆಸರಿನೊಂದಿಗೆ ಹೆಣೆದುಕೊಂಡ ಅಬಲೂರು ಈ ತಾಲೂಕಿನದೇ. ಇಲ್ಲಿ ಬೀಜಗೊಬ್ಬರದ ವ್ಯಾಪಾರಿಯಾದ ನನ್ನ ಮಿತ್ರರೊಬ್ಬರು ವರ್ಷಗಳ ಹಿಂದೆ ಒಂದು ಹುಚ್ಚು ಕೆಲಸ ಮಾಡಿದ್ದರು. ಮುಚ್ಚಿಹೋದ ಚಿತ್ರಮಂದಿರವೊಂದರ ಸಾಮಾನು ಗುಜರಿಗೆ ಹೋಗುತ್ತಿದ್ದಾಗ, ಪರದೆಯ ಹಿಂದಿದ್ದ ಕಹಳೆಯ ಸ್ಪೀಕರುಗಳನ್ನು ತೂಕದ ಬೆಲೆಗೆ ಕೊಂಡು ತಂದು ತಮ್ಮ ಗೋದಾಮಿನಲ್ಲಿ ನಿಲ್ಲಿಸಿದ್ದರು. ಆಳೆತ್ತರದ ಮರದ ಪೆಟ್ಟಿಗೆ, ಅದರ ಮೇಲೆ ಲೋಹದ ಕಹಳೆ, 16 ಓಮ್, ಸೂಕ್ಷ್ಮತೆ 100ರ ಆಸುಪಾಸು.

ಮಿತ್ರರಿಗೂ ಒಂದು ಕೊರಗಿತ್ತು. ಅವರ ಅಗ್ಗದ ಆಂಪ್ಲಿಫಾಯರಿನಿಂದ ಹಾಡು ನಿಂತಾಗಲೆಲ್ಲ ‘ಸೊಯ್’ ಎಂಬ ಸದ್ದು ಮಳೆಯಂತೆ ಸುರಿಯುತ್ತಿತ್ತು. ಸಣ್ಣದನ್ನೂ ದೊಡ್ಡದು ಮಾಡಿ ಹೇಳುವ ಚಾಡಿಕೋರನಂತೆ ಈ ಸ್ಪೀಕರು ಆಂಪ್ಲಿಫಾಯರಿನ ಚಿಕ್ಕ ದೋಷವನ್ನೂ ಮುಚ್ಚಿಡುವುದಿಲ್ಲ. ಇದಕ್ಕೆ ಬೇಕಾದದ್ದು ನೂರು ವ್ಯಾಟಲ್ಲ. ಮೊದಲ ಒಂದು ವ್ಯಾಟು ಪರಿಶುದ್ಧವಾಗಿರಬೇಕು, ಅಷ್ಟೇ.

ಚಾಚಾ ಮಾತಿಲ್ಲದೆ ಕೌದಿ ಬಿಚ್ಚಿ ಮಾಸ್ತರರ ವಾಲ್ವ್ ಆಂಪ್ಲಿಫಾಯರನ್ನು ಹೊರತೆಗೆದರು. ಸ್ಪೀಕರನ್ನು ಜೋಡಿಸದೆ ವಾಲ್ವನ್ನು ಹೊತ್ತಿಸಬಾರದು. ಒಳಗಿನ ಟ್ರಾನ್ಸ್‌ಫಾರ್ಮರಿಗೆ ಅಪಾಯ. ಆದುದರಿಂದ ಮೊದಲು 16 ಓಮಿನ ಜೋಡಣೆಗೆ ತಂತಿ ಬಿಗಿದು, ಆಮೇಲೆ ಗುಂಡಿ ಒತ್ತಿದರು. ವಾಲ್ವುಗಳು ನಿಧಾನವಾಗಿ ಕೆಂಪೇರಿದವು.

ಗೋದಾಮಿನ ಕತ್ತಲಲ್ಲಿ ತಂಬೂರಿ ಹಬ್ಬಿತು. ಹಿಂದೆಯೇ ಆ ಗಂಭೀರ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿಯವರ ದನಿ ಗಂಡುದನಿಯ ಎತ್ತರಕ್ಕೆ ಇಳಿದದ್ದು ಪ್ರಸಿದ್ಧ ಸಂಗತಿ. ಎಷ್ಟೋ ಸ್ಪೀಕರುಗಳು ಎಡವುವುದು ಆ ದನಿಯ ಎದೆಯಾಳದಲ್ಲಿಯೇ. ಇಲ್ಲಿ ಅದು ಎಡವಲಿಲ್ಲ. ತಾನು ಏರಿದಂತೆ ಗೋದಾಮಿನ ತಗಡುಗಳೂ ಮಿಡಿದವು. ಆಂಪ್ಲಿಫಾಯರು ಬೆವರಲೂ ಇಲ್ಲ. ಹಾಡು ನಿಂತಾಗ ಕಹಳೆಗೆ ಕಿವಿಯಿಟ್ಟರೆ ಮಾತ್ರ ಒಂದಿಷ್ಟು ಗುಂಯ್‌ಗುಡುವಿಕೆ. ಮಿತ್ರರು ಕುಳಿತಲ್ಲಿಂದ ಎದ್ದು ನಿಂತುಬಿಟ್ಟರು.

ಇದು ಪವಾಡವಲ್ಲವೆಂದು ಅನಂತರ ತಿಳಿಯಿತು. ಆ ಆಂಪ್ಲಿಫಾಯರಿನಲ್ಲಿ ಉರಿಯುತ್ತಿದ್ದ ವಾಲ್ವಿನ ಹೆಸರು ‘300ಬಿ’. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆ 1930ರ ದಶಕದಲ್ಲಿ ಅದನ್ನು ಚಿತ್ರಮಂದಿರಗಳ ಆಂಪ್ಲಿಫಾಯರುಗಳಿಗಾಗಿ ಬಳಕೆಗೆ ತಂದಿತ್ತು. ಅಂಥ ಒಂದು ವಾಲ್ವಿನಿಂದ ದೊರೆಯುವುದು ಸುಮಾರು 8 ವ್ಯಾಟ್. ಅದರ ಎದುರಿಗಿದ್ದುದು ಯಾವಾಗಲೂ ಇಂಥ ಕಹಳೆಗಳೇ. ದಾರಿ ತಪ್ಪಿ ಹಾನಗಲ್ಲಿನ ಪಡಸಾಲೆ ಸೇರಿದ್ದ ಅದು, ಹಿರೇಕೆರೂರಿನ ಗೋದಾಮಿನಲ್ಲಿ ತನ್ನ ತವರಿಗೆ ಬಂದಿತ್ತು!

ಮಾಸ್ತರರನ್ನು ಕೇಳಿದೆವು: “ಇದs ಛಲೋ ಅನಸ್ತೈತೇನ್ರಿ?”

“ದೊಡ್ಡದೈತಿ. ಬಯಲಾಟಕ್ಕ, ಸಭಾಕ್ಕ ಇದs ಬೇಕು” ಎಂದು ಅವರು ತುಸು ತಡೆದು ನುಡಿದರು. “ಆದರ ನಾಡಿಗೇರ ವಾಡೇದಾಗ ಅವರು ನನ್ನ ಮುಂದ ಕುಂತು ಹಾಡ್ತಿದ್ದರು. ಇಲ್ಲಿ ಗುಡ್ಡದ ಮ್ಯಾಲೆ ನಿಂತು ಹಾಡ್ತಾರ. ನನ್ನ ಪಡಸಾಲಿಗೆ ಗುಡ್ಡ ಹಿಡಸಂಗಿಲ್ಲ.”

ಮರಳಿ ಹಾನಗಲ್ಲಿಗೆ

ಅಂದು ರಾತ್ರಿಯೇ ಮಾಸ್ತರರ ಸ್ಪೀಕರುಗಳಿಗೆ ಶಿಗ್ಗಾಂವಿಯ ಆಂಪ್ಲಿಫಾಯರನ್ನು ಜೋಡಿಸಿದೆವು. ಚಾಚಾ ಇನ್ನೆರಡು ಕೆಲಸ ಮಾಡಿದರು. ಗೋಡೆಗೆ ಒತ್ತಿಕೊಂಡಿದ್ದ ಪೆಟ್ಟಿಗೆಗಳನ್ನು ಒಂದೂವರೆ ಮೊಳ ಮುಂದಕ್ಕೆ ಎಳೆದರು. ಗೋಡೆ ಮೂಲೆಗಳು ತಗ್ಗು ಸ್ವರವನ್ನು ಉಬ್ಬಿಸುತ್ತವೆ. ಕಲ್ಲು ಹಾಸಿದ ನೆಲ ದನಿಯನ್ನು ಚೆಲ್ಲಾಡಿಸುತ್ತಿತ್ತು. ನೆಲಕ್ಕೆ ಜಮಖಾನೆ ಹಾಸಿ, ಎದುರು ಗೋಡೆಗೆ ಆಂಪ್ಲಿಫಾಯರಿಗೆ ಸುತ್ತಿದ್ದ ಅದೇ ಕೌದಿಯನ್ನು ತೂಗುಹಾಕಿದರು. ಅತ್ತೆಸೊಸೆಯರು ಹಳೆಯ ಸೀರೆಗಳಿಂದ ಹೊಲಿದ ಆ ಕೌದಿ ಮಾಡಿದ ಉಪಕಾರವನ್ನು ಸಾವಿರಾರು ರೂಪಾಯಿಯ ತಂತಿಯೂ ಮಾಡಲಾರದು.

ಹಾಡು ಶುರುವಾಯಿತು. ಡಗ್ಗಾದ ಪೆಟ್ಟು ದುಂಡಗೆ ಹುಟ್ಟಿ ದುಂಡಗೆ ನಿಂತಿತು. ಕಂಠದ ಮುಂದಿನ ತೆರೆ ಸರಿಯಿತು. ಇಷ್ಟು ದಿನ ಗೊಣಗುತ್ತಿದ್ದ ಪೆಟ್ಟಿಗೆಗಳೇ ಇವು ಎಂದು ನಂಬುವುದು ಕಷ್ಟವಾಯಿತು. ಮಾಸ್ತರರು ಬಹಳ ಹೊತ್ತು ಏನೂ ಆಡಲಿಲ್ಲ. ವಿಲಂಬಿತ ಮುಗಿದು ದ್ರುತ್ ತೊಡಗುವಲ್ಲಿ ಮೆಲ್ಲಗೆ ಕೈ ಎತ್ತಿ, “ಹಿಂದ ಇನ್ನೊಬ್ಬರು ದನಿಗೂಡಿಸ್ಯಾರ ನೋಡು. ಮಗಳು ಕೃಷ್ಣಾ ಇರಬೇಕು” ಎಂದರು. ನಮಗೆ ಆವರೆಗೆ ಅದು ಕೇಳಿಸಿಯೇ ಇರಲಿಲ್ಲ. ಮತ್ತೊಮ್ಮೆ ಹಾಕಿ ಕೇಳಿದೆವು. ದನಿಯ ನೆರಳಿನಂತೆ ಇನ್ನೊಂದು ದನಿ ನಿಜವಾಗಿಯೂ ಇತ್ತು.

“ಅಂದರ ನನ್ನ ಕಿವಿ ಇನ್ನೂ ಅದಾವ” ಎಂದು ಮಾಸ್ತರರು ತಮಗೆ ತಾವೇ ಹೇಳಿಕೊಂಡರು. ಆ ಕಾಣದ ಕಣ್ಣುಗಳಲ್ಲಿ ನೀರು ತುಂಬಿತ್ತು.

ಮುಂದಿನದು ಸುಲಭ. ಹಿರೇಕೆರೂರಿನ ಮಿತ್ರರು ವಾಲ್ವ್ ಆಂಪ್ಲಿಫಾಯರನ್ನು ನ್ಯಾಯವಾದ ಬೆಲೆಗೆ ಕೊಂಡರು. ಅದರ ಮೂರರಲ್ಲೊಂದು ಪಾಲಿನಲ್ಲಿ ಮಾಸ್ತರರಿಗೆ 8 ಓಮಿಗೆ 60, 4 ಓಮಿಗೆ 110 ವ್ಯಾಟ್ ಕೊಡುವ ಟ್ರಾನ್ಸಿಸ್ಟರ್ ಆಂಪ್ಲಿಫಾಯರ್ ಬಂದಿತು. ಉಳಿದ ಹಣ ಅಮೆರಿಕದ ಮಗನ ಖಾತೆಗೆ ಮರಳಿತು. ವಿಷಯವನ್ನು ಮಕ್ಕಳಿಗೆ ತಿಳಿಸುವ ಹೊಣೆ ನನ್ನದಾಯಿತು. ಅವರು ನೊಂದುಕೊಂಡಾರೆಂದು ಅಂಜಿದ್ದೆ. ಕಿರಿಯವನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಪ್ಪಾರಿಗೆ ಕೇಳಸ್ತೈತಲ್ರಿ?”

ಕೊಳ್ಳುವವರಿಗೆ ನಾಲ್ಕು ಮಾತು

ಈ ಅಲೆದಾಟದಿಂದ ನಾನು ಕಲಿತದ್ದನ್ನು ಓದುಗರ ಉಪಯೋಗಕ್ಕೆ ಕೂಡಿಸಿ ಹೇಳುತ್ತೇನೆ.

ಮೊದಲು ಕೋಣೆಯನ್ನು ನೋಡಿ, ಬಳಿಕ ಅದಕ್ಕೊಪ್ಪುವ ಸ್ಪೀಕರನ್ನು, ಕೊನೆಗೆ ಆ ಸ್ಪೀಕರಿಗೊಪ್ಪುವ ಆಂಪ್ಲಿಫಾಯರನ್ನು ಆರಿಸಬೇಕು. ಈ ಅನುಕ್ರಮ ತಿರುಗಮುರುಗಾದರೆ ಹಣ ಹೋಗುತ್ತದೆ, ನಾದ ಬರುವುದಿಲ್ಲ. ಸೂಕ್ಷ್ಮತೆ ಎಷ್ಟು, ಅದು 1 ವ್ಯಾಟಿಗೋ 2.83 ವೋಲ್ಟಿಗೋ, ತಡೆ ಎಷ್ಟು, ಅತಿ ಕಡಿಮೆಯೆಂದರೆ ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿಯೇ ಹಣ ಎಣಿಸಬೇಕು. ಆಂಪ್ಲಿಫಾಯರು 8 ಓಮಿಗಿಂತ 4 ಓಮಿಗೆ ಹತ್ತಿರಹತ್ತಿರ ಇಮ್ಮಡಿ ಶಕ್ತಿ ಕೊಡುವುದಾದರೆ ಅದರ ಬೆನ್ನೆಲುಬು ಗಟ್ಟಿಯಿದೆಯೆಂದು ತಿಳಿಯಬಹುದು. ಇಂದು ‘ಕ್ಲಾಸ್ ಡಿ’ ಎಂಬ ಬಗೆಯ ಹಗುರ ಆಂಪ್ಲಿಫಾಯರುಗಳು ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಕಾವಿನಲ್ಲಿ ಈ ಬಲ ಒದಗಿಸುತ್ತವೆ. ಅಗ್ಗವೆಂದು ಅವನ್ನು ಹಳಿಯಬೇಕಿಲ್ಲ.

ಎರಡು ಸ್ಪೀಕರುಗಳನ್ನು ಹೋಲಿಸುವಾಗ ಇಬ್ಬರ ಸದ್ದೂ ಸಮನಾಗಿರಬೇಕು. 1 ಡೆಸಿಬೆಲ್ ಹೆಚ್ಚಿದ್ದರೂ ಜೋರಾದದ್ದೇ ಚೆನ್ನಾಗಿದೆಯೆಂದು ಮನಸ್ಸು ಮೋಸಹೋಗುತ್ತದೆ. ಕೈಯಲ್ಲಿರುವ ಮೊಬೈಲಿನಿಂದಲೇ ಅಳೆದು ಸಮ ಮಾಡಿಕೊಳ್ಳಬಹುದು. ಅಂಗಡಿಯವರು ಹಾಕುವ ಆರ್ಭಟದ ಹಾಡು ಬೇಡ. ನಿಮಗೆ ಹೃದ್ಗತವಾದ ಒಂದು ಕಂಠ, ಸಾಧ್ಯವಾದರೆ ಎದುರಿಗೆ ಕುಳಿತು ಕೇಳಿದ ಕಂಠ ಇರಲಿ. ಸಾಧ್ಯವಾದರೆ ಕಣ್ಣು ಮುಚ್ಚಿ ಕೇಳಿರಿ. ಬೆಲೆಯ ಚೀಟಿ, ಹೊಳೆಯುವ ಮರ, ಉರಿಯುವ ವಾಲ್ವು ಇವೆಲ್ಲ ಕಣ್ಣಿನ ದಾರಿಯಿಂದ ಬಂದು ಕಿವಿಯನ್ನು ಕೆಡಿಸುತ್ತವೆ.

ಕೊನೆಗೆ ಚಾಚಾನ ಮಾತೊಂದಿದೆ. ಬಲ ಹೆಚ್ಚಿತೆಂದು ಊರನ್ನು ಎಬ್ಬಿಸಬೇಕಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಬಲವಿರುವುದು ಕೂಗುವುದಕ್ಕಲ್ಲ, ಏರುವ ಕ್ಷಣದಲ್ಲಿ ದನಿ ಮುರಿಯದಿರಲೆಂದು.

ಮೊನ್ನೆ ಸಂಜೆ ಹಾನಗಲ್ಲಿಗೆ ಹೋಗಿದ್ದೆ. ಪಡಸಾಲೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಮಾಸ್ತರರು ಕೌದಿಯ ಗೋಡೆಗೆ ಬೆನ್ನು ಮಾಡಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕುಳಿತಿದ್ದರು. ಅವರ ಹಳೆಯ ಟ್ರಾನ್ಸಿಸ್ಟರಿನ ಮೇಲೆ ಈಗ ಅಂಗವಸ್ತ್ರ ಹೊದಿಸಿತ್ತು. ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ ಅವರು ತುಟಿಗೆ ಬೆರಳಿಟ್ಟರು. ನಾನು ಚಪ್ಪಲಿ ಕಳಚಿ ಸದ್ದಿಲ್ಲದೆ ಬಂದು ಅವರ ಪಕ್ಕದಲ್ಲಿ ಕುಳಿತೆ.